ಹಣದ ಮನೆ, ಹೆಸರಿನ ಬಾಳು

ದೇವಾಲಯವನ್ನೂ ಕೋಟೆಯನ್ನೂ ಅರಮನೆಯನ್ನೂ ಕುರಿತು ಕನ್ನಡದಲ್ಲಿ ಬರೆದವರು ಬಹುಮಂದಿ. ಕಟ್ಟಿಸಿದ ದೊರೆ ಯಾರು, ಕಡೆದ ಶಿಲ್ಪಿ ಯಾರು, ಶಾಸನ ಏನು ಹೇಳುತ್ತದೆ ಎಂದು ವಿಚಾರಿಸುವ ಮರ್ಯಾದೆ ಆ ಕಟ್ಟಡಗಳಿಗೆ ಸಂದಿದೆ. ಬ್ಯಾಂಕಿನ ಕಟ್ಟಡಕ್ಕೆ ಆ ಮರ್ಯಾದೆ ಇನ್ನೂ ಸಂದಿಲ್ಲ. ಹಣ ಕಟ್ಟಿ, ಚೀಟಿಯನ್ನು ಜೇಬಿಗೆ ಸೇರಿಸಿ ಹೊರಬರುವವನು ಅಲ್ಲಿ ತಲೆಯೆತ್ತಿ ಸೂರನ್ನು ನೋಡುವುದು ಅಪೂರ್ವ. ಆದರೆ ಕಳೆದ ನೂರು ವರ್ಷಗಳಲ್ಲಿ ಕನ್ನಡ ನಾಡಿನ ಸಾಮಾನ್ಯ ಸಂಸಾರಿಗನು ತನ್ನ ದುಡಿಮೆಯ ಫಲವನ್ನು ಗುರುತುಪರಿಚಯವಿಲ್ಲದವರ ವಶಕ್ಕೆ ನಂಬಿ ಒಪ್ಪಿಸಿದ ಸ್ಥಳ ಯಾವುದೆಂದು ಕೇಳಿದರೆ, ಈ ಕಟ್ಟಡವನ್ನೇ ತೋರಿಸಬೇಕಾಗುತ್ತದೆ. ಅಂಥ ಕಟ್ಟಡದಿಂದ ಬ್ಯಾಂಕು ಹೊರಟುಹೋದಾಗ, ಅಥವಾ ಬ್ಯಾಂಕಿನ ಹೆಸರೇ ಅಳಿದಾಗ, ಉಳಿದ ಗೋಡೆಗಳಿಗೆ ಯಾವ ಉಪಯೋಗವನ್ನು ಕೊಡಬೇಕು? ಕೊಟ್ಟ ಉಪಯೋಗವು ಯೋಗ್ಯವೆ ಅಯೋಗ್ಯವೆ ಎಂಬುದನ್ನು ಯಾವ ಅಳತೆಯಿಂದ ನಿರ್ಣಯಿಸಬೇಕು? ಇದು ವಿಮರ್ಶೆಗೆ ಅರ್ಹವಾದ ಪ್ರಶ್ನೆ.

ಪ್ರಶ್ನೆಗೆ ಈಗ ಅವಸರವೂ ಉಂಟು. 1913ರಲ್ಲಿ ಹುಟ್ಟಿದ ಮೈಸೂರು ಬ್ಯಾಂಕು 1960ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಎಂದಾಗಿ, 2017ನೆಯ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಲೀನವಾಯಿತು. 1931ರಲ್ಲಿ ಮಂಗಳೂರಿನಲ್ಲಿ ಆರಂಭವಾದ ವಿಜಯಾ ಬ್ಯಾಂಕು 2019ನೆಯ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತು. ಉಡುಪಿಯಲ್ಲಿ ಹುಟ್ಟಿದ ಎರಡು ಬ್ಯಾಂಕುಗಳು, 1906ರ ಕಾರ್ಪೊರೇಷನ್ ಬ್ಯಾಂಕೂ 1925ರ ಸಿಂಡಿಕೇಟ್ ಬ್ಯಾಂಕೂ, 2020ನೆಯ ಏಪ್ರಿಲ್ 1ರಂದು ಒಂದೇ ದಿನ ಅಳಿದುವು. ಮೊದಲನೆಯದು ಯೂನಿಯನ್ ಬ್ಯಾಂಕಿಗೂ ಎರಡನೆಯದು ಕೆನರಾ ಬ್ಯಾಂಕಿಗೂ ಕೂಡಿಕೊಂಡಿತು. ಹೀಗೆ ಮೂರು ವರ್ಷಗಳ ಅವಧಿಯಲ್ಲಿ ಕನ್ನಡ ನೆಲದ ನಾಲ್ಕು ಬ್ಯಾಂಕುಗಳ ಹೆಸರು ಬಾಗಿಲ ಮೇಲಿನ ಫಲಕದಿಂದ ಇಳಿಯಿತು. ಈ ಕೂಡಿಕೆ ವಾಣಿಜ್ಯದೃಷ್ಟಿಯಿಂದ ಸಾಧುವೆ ಎಂಬುದು ಅರ್ಥಶಾಸ್ತ್ರಜ್ಞರು ತೀರ್ಮಾನಿಸತಕ್ಕ ವಿಷಯ. ಫಲಕ ಇಳಿದ ಮೇಲೆ ಕಟ್ಟಡದ ಗತಿಯೇನು ಎಂಬುದು ಮಾತ್ರ ಸಾಹಿತ್ಯ ಸಂಸ್ಕೃತಿಗಳನ್ನು ವಿಚಾರಿಸುವವರ ಪಾಲಿಗೆ ಬಂದ ಕೆಲಸ.

ಬ್ಯಾಂಕಿನ ಕಟ್ಟಡವೆಂದರೆ ಏನು ಎಂಬುದನ್ನು ಮೊದಲು ತಿಳಿಯಬೇಕು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಬ್ಯಾಂಕು ಬರುವುದಕ್ಕೆ ಮುಂಚೆಯೂ ಹಣದ ಮನೆ ಒಂದಿತ್ತು; ಅದು ಒಕ್ಕಲಿನ ಮನೆಯ ಅಟ್ಟ. ಬಲಿತ ಕಾಯನ್ನು ಮಟ್ಟೆಸಹಿತವಾಗಿ ಅಟ್ಟದ ಮೇಲೆ ಹರಡಿ ಎಂಟು ಹತ್ತು ತಿಂಗಳು, ಕೆಲವು ವೇಳೆ ಒಂದು ವರ್ಷ, ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಅಲುಗಿಸಿದರೆ ಸದ್ದುಮಾಡುವ ಉಂಡೆ ಕೊಬ್ಬರಿಯಾಗುತ್ತದೆ. ಅವಸರಪಟ್ಟವನಿಗೆ ಕಾಯಿಯ ಬೆಲೆ, ಕಾದವನಿಗೆ ಕೊಬ್ಬರಿಯ ಬೆಲೆ. ಮಗಳ ಮದುವೆಗೋ ಬಾವಿ ತೋಡಿಸುವುದಕ್ಕೋ ಬೇಕಾದ ಹಣ ತಲೆಯ ಮೇಲೆಯೇ ಮಾಗುತ್ತಿತ್ತು. ಈ ಠೇವಣಿಗೆ ಬಡ್ಡಿಯೂ ಉಂಟು, ಅಪಾಯವೂ ಉಂಟು. ಇಲಿಗೆ ಹೆದರಬೇಕು, ಬೆಂಕಿಗೆ ಹೆದರಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಧಾರಣೆಯ ಇಳಿತಕ್ಕೆ ಹೆದರಬೇಕು.

ಅಟ್ಟದಿಂದ ಇಳಿದ ಕೊಬ್ಬರಿ ಮಂಡಿಗೆ ಹೋಗುತ್ತಿತ್ತು. ಅಲ್ಲಿ ಮಂಡಿಯ ಸಾಹುಕಾರನೇ ಬ್ಯಾಂಕು. ಮುಂಗಡ ಕೊಡುವವನು ಅವನು, ಮಾರಿಬಂದ ಹಣವನ್ನು ಇಟ್ಟುಕೊಂಡು ಕೇಳಿದಾಗ ಕೊಡುವವನೂ ಅವನು. ಲೆಕ್ಕ ಅವನ ಖಾತೆಪುಸ್ತಕದಲ್ಲಿ. ಈ ವ್ಯವಹಾರಕ್ಕೆ ಆಧಾರವಾದದ್ದು ಒಬ್ಬ ಮನುಷ್ಯನ ಮುಖ. ಅವನ ತಂದೆಯನ್ನು ಬಲ್ಲವರು ಅವನನ್ನು ನಂಬಿದರು. ಬ್ಯಾಂಕು ಬಂದಾಗ ಆದ ದೊಡ್ಡ ಬದಲಾವಣೆ ಇದು: ಸಾಹುಕಾರನ ಮುಖದ ಮೇಲಿದ್ದ ನಂಬಿಕೆ ಕಟ್ಟಡದ ಮುಖಕ್ಕೆ ವರ್ಗವಾಯಿತು. ಬ್ಯಾಂಕಿಗೆ ತಂದೆಯಿಲ್ಲ, ಊರಿಲ್ಲ, ನೆಂಟರಿಲ್ಲ. ಅದರ ಆಡಳಿತಗಾರರು ದೂರದ ಪಟ್ಟಣದಲ್ಲಿರುವವರು. ಗುಮಾಸ್ತರು ಮೂರು ವರ್ಷಕ್ಕೊಮ್ಮೆ ಬದಲಾಗುವವರು. ಆದಕಾರಣ ಬ್ಯಾಂಕು ತನ್ನ ಭದ್ರತೆಯನ್ನು ಕಲ್ಲಿನಿಂದಲೂ ಕಬ್ಬಿಣದಿಂದಲೂ ಹೇಳಬೇಕಾಯಿತು. ದಪ್ಪ ಗೋಡೆ, ಎತ್ತರವಾದ ಕಂಬ, ಭಾರವಾದ ಬಾಗಿಲು, ಖಜಾನೆಯ ಉಕ್ಕಿನ ಕದ, ಇವೆಲ್ಲ ಅಲಂಕಾರಕ್ಕಾಗಿ ಬಂದುವೆಂದು ತಿಳಿಯಬಾರದು. ನಾಳೆಯೂ ಇಲ್ಲಿಯೇ ಇರುತ್ತೇವೆ ಎಂದು ಜನಕ್ಕೆ ಕೊಟ್ಟ ಮಾತೇ ಆ ರೂಪವನ್ನು ತಾಳಿದೆ.

ತೆಂಗಿನ ಸೀಮೆಯ ವಾಚಕರಿಗೆ ಈ ಮಾತನ್ನು ತಿಳಿಯಪಡಿಸುವುದಕ್ಕೆ ಬೋರನಕಣಿವೆಗಿಂತ ಹತ್ತಿರದ ಉಪಮಾನವಿಲ್ಲ. ಮೈಸೂರು ಅರಸರ ಆಳ್ವಿಕೆಯಲ್ಲಿ, 19ನೆಯ ಶತಮಾನದ ಕೊನೆಗೆ, ಸುವರ್ಣಮುಖಿಯನ್ನು ಗುಡ್ಡಗಳ ನಡುವೆ ತಡೆದು ಕಟ್ಟಿದ ಜಲಾಶಯ ಅದು. ಮಳೆಯಾದ ವರ್ಷದ ನೀರನ್ನು ಮಳೆಯಾಗದ ವರ್ಷಕ್ಕೆ ಇಡುವುದೇ ಅದರ ಕೆಲಸ. ಅದಕ್ಕೆ ಒಡೆಯರು ಬದಲಾದರು. ಸಂಸ್ಥಾನ ಹೋಗಿ ಮೈಸೂರು ರಾಜ್ಯವಾಯಿತು, 1973ರಲ್ಲಿ ರಾಜ್ಯದ ಹೆಸರೂ ಕರ್ನಾಟಕವಾಯಿತು. ಆದರೆ ಕೆಳಗಿನ ಬಯಲಿನ ರೈತ ಕೇಳುವ ಪ್ರಶ್ನೆಗಳು ಬದಲಾಗಲಿಲ್ಲ. ಏರಿ ಗಟ್ಟಿಯಾಗಿದೆಯೆ? ನೀರು ಎಷ್ಟಿದೆ? ತೂಬು ತೆರೆಯುತ್ತದೆಯೆ? ತೂಬಿಲ್ಲದ ಏರಿ ಎಷ್ಟು ಭವ್ಯವಾಗಿದ್ದರೂ ಬರಿಯ ಮಣ್ಣುಕಲ್ಲಿನ ದಿಬ್ಬ.

ಇದೇ ರೀತಿಯಲ್ಲಿ ಬ್ಯಾಂಕಿನ ಹಳೆಯ ಕಟ್ಟಡಕ್ಕೂ ಮೂರು ಪರೀಕ್ಷೆಗಳನ್ನು ಒಡ್ಡಬಹುದು. ಮೊದಲನೆಯದು ಬಾಗಿಲಿನ ಪರೀಕ್ಷೆ: ಹಿಂದೆ ಯಾರು ಒಳಗೆ ಬರಬಹುದಾಗಿತ್ತೋ ಅವರು ಹೊಸ ಉಪಯೋಗದಲ್ಲಿಯೂ ಒಳಗೆ ಬರಬಹುದೆ? ಎರಡನೆಯದು ಹೆಸರಿನ ಪರೀಕ್ಷೆ: ಇಲ್ಲಿ ಇದ್ದುದು ಏನೆಂಬುದನ್ನು ಕಟ್ಟಡವು ಸ್ಪಷ್ಟವಾಗಿ ಹೇಳುತ್ತದೆಯೆ? ಮೂರನೆಯದು ಲೆಕ್ಕದ ಪರೀಕ್ಷೆ: ಒಳಗೆ ನಡೆದ ವ್ಯವಹಾರದ ಬರೆಹ ಎಲ್ಲಿಯಾದರೂ ಉಳಿದಿದೆಯೆ? ಗೋಡೆ ಉಳಿಯಿತೆ ಎಂಬ ಪ್ರಶ್ನೆಯನ್ನು ಎಲ್ಲರೂ ಕೇಳುತ್ತಾರೆ. ಅದು ಬೇಕು, ಆದರೆ ಅಷ್ಟರಿಂದ ವಿಮರ್ಶೆ ಮುಗಿಯುವುದಿಲ್ಲ.

ಮೈಸೂರು ಸೀಮೆಯವರಿಗೆ ಬ್ಯಾಂಕೆಂದರೆ ಬಹುಕಾಲ ಮೈಸೂರು ಬ್ಯಾಂಕೇ. ಅದರಿಂದಲೇ ಪರೀಕ್ಷೆಯನ್ನು ಆರಂಭಿಸುವುದು ಯುಕ್ತ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಸಂಸ್ಥಾನದ ಆಶ್ರಯದಲ್ಲಿ 1913ನೆಯ ಅಕ್ಟೋಬರ್ 2ರಂದು ಅದು ಆರಂಭವಾಯಿತು. ಆ ಕಾಲವನ್ನು ಗಮನಿಸಬೇಕು. ಆ ವರ್ಷದ ಸೆಪ್ಟೆಂಬರಿನಲ್ಲಿ ಲಾಹೋರಿನ ಪೀಪಲ್ಸ್ ಬ್ಯಾಂಕು ಮುರಿದುಬಿತ್ತು. ಅದರ ಹಿಂದೆಯೇ ದೇಶದ ಹಲವು ಸ್ವದೇಶಿ ಬ್ಯಾಂಕುಗಳು ಸಾಲಾಗಿ ಕುಸಿದುವು. ಅದಕ್ಕೂ ಏಳು ವರ್ಷ ಹಿಂದೆ, 1906ರಲ್ಲಿ, ಮದರಾಸಿನ ಅರ್ಬತ್ನಾಟ್ ಕಂಪೆನಿ ದಿವಾಳಿಯಾಗಿ ದಕ್ಷಿಣದೇಶದ ಅನೇಕ ಸಂಸಾರಗಳು ಹಣವನ್ನು ಕಳೆದುಕೊಂಡಿದ್ದುವು. ಮೈಸೂರು ಬ್ಯಾಂಕು ತನ್ನ ಬಾಗಿಲನ್ನು ತೆರೆದದ್ದು ಬಾಗಿಲುಗಳು ಮುಚ್ಚುತ್ತಿದ್ದ ಕಾಲದಲ್ಲಿ. ಹಣವನ್ನು ಮಡಕೆಯಲ್ಲಿ ಹೂಳುವುದೇ ಕ್ಷೇಮವೆಂದು ಜನ ಭಾವಿಸುವುದಕ್ಕೆ ಎಲ್ಲ ಕಾರಣಗಳೂ ಇದ್ದಾಗ, ಬೇಡ, ಇಲ್ಲಿಗೆ ತನ್ನಿ ಎಂದು ಹೇಳಿದ ಮನೆ ಅದು.

ಇನ್ನೊಂದು ಸಂಗತಿಯೂ ಸಾಹಿತ್ಯಾಭಿಮಾನಿಗಳಿಗೆ ಪ್ರಿಯವಾಗತಕ್ಕದ್ದು. 1911ರಲ್ಲಿ ಮೈಸೂರಿನ ಅರ್ಥಾಭಿವೃದ್ಧಿಯ ಸಮ್ಮೇಳನ, 1913ರಲ್ಲಿ ಬ್ಯಾಂಕು, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ವಿಶ್ವವಿದ್ಯಾನಿಲಯ, ಇವು ಐದಾರು ವರ್ಷಗಳ ಒಳಗೆ ಒಂದರ ಹಿಂದೆ ಒಂದು ಬಂದುವು. ಹಣವನ್ನೂ ನುಡಿಯನ್ನೂ ವಿದ್ಯೆಯನ್ನೂ ಬೇರೆಬೇರೆಯಾಗಿ ಎಣಿಸದೆ, ನಾಡು ತನ್ನಲ್ಲಿದ್ದುದನ್ನು ಕೂಡಿಹಾಕಿ ಬೆಳೆಸಿಕೊಳ್ಳಬೇಕೆಂಬ ಒಂದೇ ಸಂಕಲ್ಪದಿಂದ ಅವು ಹುಟ್ಟಿದುವು. ಪರಿಷತ್ತಿನ ಕಟ್ಟಡವನ್ನು ಕನ್ನಡದ ಮನೆಯೆಂದು ಗೌರವಿಸುವವರು ಬ್ಯಾಂಕಿನ ಕಟ್ಟಡವನ್ನು ಅದರ ಅಣ್ಣನ ಮನೆಯೆಂದು ಎಣಿಸಬೇಕಾದುದು ನ್ಯಾಯ.

ಬ್ಯಾಂಕಿನ ಪ್ರಧಾನ ಕಛೇರಿ ನಿಂತದ್ದು ಬೆಂಗಳೂರಿನಲ್ಲಿ, ಅವೆನ್ಯೂ ರಸ್ತೆಯು ಕೆಂಪೇಗೌಡ ರಸ್ತೆಯನ್ನು ಕೂಡುವ ಸ್ಥಳದಲ್ಲಿ. ಸ್ಥಳವೇ ಅರ್ಥವತ್ತಾದದ್ದು. ದಕ್ಷಿಣಕ್ಕೆ ಹಳೆಯ ಪೇಟೆ, ಅಲ್ಲಿ ಜವಳಿ, ಚಿನಿವಾರರ ಅಂಗಡಿ, ದವಸಧಾನ್ಯ. ಉತ್ತರಕ್ಕೆ 1858ರಷ್ಟು ಹಳೆಯ ಸೆಂಟ್ರಲ್ ಕಾಲೇಜು. ಪೇಟೆಯ ಗದ್ದಿಗೆಯ ಮೇಲೆ ಕುಳಿತು ಲೆಕ್ಕ ಬರೆಯುವವನೂ ಕಾಲೇಜಿನಲ್ಲಿ ಲೆಕ್ಕ ಕಲಿತವನೂ ಸಂಧಿಸುವ ಎಡೆಯಲ್ಲಿ ಬ್ಯಾಂಕು ನಿಂತಿತು. ಆ ಚೌಕಕ್ಕೆ ಮೈಸೂರು ಬ್ಯಾಂಕ್ ವೃತ್ತವೆಂಬ ಹೆಸರು ಬಂತು. 1942ರ ಚಳವಳಿಯಲ್ಲಿ ಗುಂಡಿಗೆ ಎದೆಯೊಡ್ಡಿ ಪ್ರಾಣಬಿಟ್ಟವರ ಸ್ಮಾರಕವೂ ಆ ವೃತ್ತದಲ್ಲಿಯೇ ಇದೆ. ಹಣದ ಮನೆಯ ಮುಂದಿನ ಬಯಲು ಹೀಗೆ ಜನರು ಕೂಡುವ, ದೂರು ಹೇಳುವ, ಮೆರವಣಿಗೆ ಹೊರಡುವ ಬಯಲೂ ಆಯಿತು. ನಗರದ ಕಟ್ಟಡವೊಂದಕ್ಕೆ ಅದರ ಯಜಮಾನರು ಕೊಡುವ ಉಪಯೋಗ ಒಂದಾದರೆ, ಜನರು ತಾವಾಗಿ ಕೊಡುವ ಉಪಯೋಗ ಮತ್ತೊಂದು. ಎರಡನೆಯದು ಯಾವ ದಸ್ತಾವೇಜಿನಲ್ಲಿಯೂ ನಮೂದಾಗಿರುವುದಿಲ್ಲ.

2017ರ ವಿಲೀನದಿಂದ ಈ ಕಟ್ಟಡಕ್ಕಿದ್ದ ಪ್ರಧಾನ ಕಛೇರಿಯ ಪದವಿ ಹೋಯಿತು. ಆದರೆ ವೃತ್ತದ ಹೆಸರು ಹೋಗಲಿಲ್ಲ. ಬಸ್ಸಿನ ಕಂಡಕ್ಟರನೂ ಆಟೋದವನೂ ಮೆರವಣಿಗೆಯ ಕರಪತ್ರವೂ ಇಂದಿಗೂ ಮೈಸೂರು ಬ್ಯಾಂಕ್ ಎಂತಲೇ ಹೇಳುತ್ತವೆ. ಸಮೀಪದಲ್ಲಿ 2016ರಲ್ಲಿ ತೆರೆದ ಮೆಟ್ರೋ ನಿಲ್ದಾಣಕ್ಕೆ ವಿಶ್ವೇಶ್ವರಯ್ಯನವರ ಹೆಸರನ್ನಿಟ್ಟಿದ್ದಾರೆ. ಬ್ಯಾಂಕನ್ನು ಕಟ್ಟಿದ ಪುರುಷನ ಹೆಸರು ನೆಲದ ಕೆಳಗೆ, ಬ್ಯಾಂಕಿನ ಹೆಸರು ಬೀದಿಯ ಮೇಲೆ. ಮೂರು ಪರೀಕ್ಷೆಗಳಲ್ಲಿ ಹೆಸರಿನ ಪರೀಕ್ಷೆಯನ್ನು ಇಲ್ಲಿ ಗೆದ್ದುಕೊಟ್ಟವರು ಜನ. ಆದರೆ ಬಾಯಲ್ಲಿ ಮಾತ್ರ ಉಳಿದ ಹೆಸರು ಮೆಲ್ಲಮೆಲ್ಲನೆ ಅರ್ಥವನ್ನು ಕಳೆದುಕೊಳ್ಳುತ್ತದೆ. ಇನ್ನೊಂದು ತಲೆಮಾರು ಕಳೆದರೆ, ಮೈಸೂರು ಬ್ಯಾಂಕು ಬೆಂಗಳೂರಿನಲ್ಲಿ ಏಕಿತ್ತೆಂದು ಮಕ್ಕಳು ಕೇಳುವ ದಿನ ಬಂದೀತು. ಆಗ ಉತ್ತರ ಹೇಳಬೇಕಾದವನು ಕಂಡಕ್ಟರನಲ್ಲ, ಕಟ್ಟಡ. ಬ್ಯಾಂಕು ಎಂದು ಆರಂಭವಾಯಿತು, ಯಾರಿಗಾಗಿ ಆರಂಭವಾಯಿತು, ಎಂದು ಬೇರೊಂದರಲ್ಲಿ ಸೇರಿತು ಎಂಬ ನಾಲ್ಕು ಸಾಲು ಕನ್ನಡ ಅದರ ಗೋಡೆಯ ಮೇಲೆ, ಬೀದಿಯವರಿಗೆ ಕಾಣುವಂತೆ, ಇರತಕ್ಕದ್ದು. ಇದಕ್ಕೆ ಆಗುವ ವೆಚ್ಚ ಒಂದು ಕಲ್ಲಿನ ಬೆಲೆ.

ಬರಿಯ ಗೋಡೆಯನ್ನು ಉಳಿಸಿದರೆ ಸಾಕೆಂಬ ಮತಕ್ಕೆ ಲಂಡನ್ನಿನಲ್ಲಿ ಒಳ್ಳೆಯ ನಿದರ್ಶನ ದೊರೆಯುತ್ತದೆ. ಬ್ಯಾಂಕ್ ಆಫ್ ಇಂಗ್ಲೆಂಡಿನ ಕಟ್ಟಡವನ್ನು ಜಾನ್ ಸೋನ್ ಎಂಬ ಶಿಲ್ಪಿ 1788ರಿಂದ 1833ರವರೆಗೆ, ನಲವತ್ತೈದು ವರ್ಷ, ರೂಪಿಸಿದನು. ಮೇಲಿನಿಂದ ಬೆಳಕು ಇಳಿಯುವ ಅದರ ಹಜಾರಗಳು ಜಗತ್ತಿನ ಶಿಲ್ಪಿಗಳಿಗೆ ಪಾಠವಾಗಿದ್ದುವು. 1925ರಿಂದ 1939ರ ನಡುವೆ ಹರ್ಬರ್ಟ್ ಬೇಕರ್, ಹೊಸ ದೆಹಲಿಯ ಸೆಕ್ರೆಟೇರಿಯಟ್ಟನ್ನು ಕಟ್ಟಿದವನೇ, ಒಳಗಿನದನ್ನು ಬಹುಮಟ್ಟಿಗೆ ಕೆಡವಿ ಎತ್ತರವಾದ ಹೊಸ ಕಟ್ಟಡವನ್ನು ಎಬ್ಬಿಸಿದನು. ಕಿಟಕಿಯಿಲ್ಲದ ಹೊರಗೋಡೆ ಮಾತ್ರ ಉಳಿಯಿತು. ಬ್ಯಾಂಕು ಅಲ್ಲಿಯೇ ಇದೆ, ಹೆಸರು ಅದೇ, ಗೋಡೆಯೂ ಅದೇ. ಆದರೂ ವಿಮರ್ಶಕರು ಅದನ್ನು ಆ ನಗರಕ್ಕಾದ ದೊಡ್ಡ ನಷ್ಟವೆಂದು ಎಣಿಸುತ್ತಾರೆ. 1988ರಲ್ಲಿ ಸೋನನ ಒಂದು ಹಜಾರವನ್ನು ಮತ್ತೆ ಮೊದಲಿನಂತೆ ರಚಿಸಿ ಸಂಗ್ರಹಾಲಯ ಮಾಡಬೇಕಾಯಿತು. ಕೆಡವಿದ್ದನ್ನು ಮತ್ತೆ ಕಟ್ಟುವ ಶ್ರೀಮಂತಿಕೆ ಎಲ್ಲ ನಾಡುಗಳಿಗೂ ಇರುವುದಿಲ್ಲ.

ಅದರ ಸಮೀಪದಲ್ಲಿಯೇ ಎಡ್ವಿನ್ ಲಟ್ಯನ್ಸ್ ರೂಪಿಸಿದ ಮಿಡ್‌ಲೆಂಡ್ ಬ್ಯಾಂಕಿನ ಪ್ರಧಾನ ಕಛೇರಿ ಇತ್ತು. ದೆಹಲಿಯ ರಾಷ್ಟ್ರಪತಿ ಭವನದ ಶಿಲ್ಪಿಯೇ ಇವನು. ಆ ಬ್ಯಾಂಕು ಬೇರೆ ಬ್ಯಾಂಕಿನ ವಶವಾಗಿ 1999ರಲ್ಲಿ ಅದರ ಹೆಸರು ಮರೆಯಾಯಿತು. 2017ರಲ್ಲಿ ಕಟ್ಟಡವು ಹೋಟೆಲಾಯಿತು. ಕಂಬಗಳನ್ನೂ ಹಣ ಎಣಿಸುತ್ತಿದ್ದ ಮರದ ಕಟಕಟೆಗಳನ್ನೂ ಬಹು ಎಚ್ಚರಿಕೆಯಿಂದ ಕಾಪಾಡಿದ್ದಾರೆ. ಜನರು ಒಡವೆಗಳನ್ನಿಡುತ್ತಿದ್ದ ಸಾವಿರಾರು ಪೆಟ್ಟಿಗೆಗಳ ನೆಲಮಾಳಿಗೆ ಈಗ ಪಾನಗೃಹ. ಹೋಟೆಲಿಗೆ ಇಟ್ಟ ಹೆಸರು ಶಿಲ್ಪಿಯ ಮುದ್ದಿನ ಹೆಸರು; ಬ್ಯಾಂಕಿನದಲ್ಲ. ಕುಶಲತೆಯ ದೃಷ್ಟಿಯಿಂದ ಈ ಕೆಲಸ ಪ್ರಶಂಸಾರ್ಹವೇ ಸರಿ. ಆದರೆ ಹಿಂದೆ ಚಿಕ್ಕ ಮೊತ್ತವನ್ನು ಹಿಡಿದು ಬಂದವನಿಗೂ ಅಲ್ಲಿ ಕಟಕಟೆಯ ಮುಂದೆ ನಿಲ್ಲುವ ಹಕ್ಕಿತ್ತು. ಈಗ ಅಲ್ಲಿ ನಿಲ್ಲುವುದಕ್ಕೆ ಜೇಬು ಭಾರವಾಗಿರಬೇಕು. ಬಾಗಿಲಿನ ಪರೀಕ್ಷೆಯಲ್ಲಿ ಈ ಅಂದವಾದ ಕಟ್ಟಡ ಸೋಲುತ್ತದೆ. ಬೆಂಗಳೂರಿನಲ್ಲಿಯೂ ಹಳೆಯ ಮನೆಗಳನ್ನು ಹೋಟೆಲು ಅಂಗಡಿಗಳಾಗಿ ಮಾರ್ಪಡಿಸುವ ಉತ್ಸಾಹ ಬೆಳೆದಿರುವಾಗ ಈ ಉದಾಹರಣೆಯನ್ನು ಮರೆಯಬಾರದು.

ಭಾರತದೊಳಗೆ ಕಲ್ಕತ್ತೆಯ ಕರೆನ್ಸಿ ಬಿಲ್ಡಿಂಗ್ ಎಂಬ ಕಟ್ಟಡದ ಕಥೆ ಇನ್ನೂ ವಿಚಿತ್ರ. 1833ರಲ್ಲಿ ಕಟ್ಟಿದ ಈ ಮೂರಂತಸ್ತಿನ ಮನೆಯಲ್ಲಿ ಆಗ್ರಾ ಬ್ಯಾಂಕಿನ ಶಾಖೆಯಿತ್ತು. ನೋಟು ಹೊರಡಿಸುವ ಅಧಿಕಾರವನ್ನು 1861ರ ಕಾಯಿದೆಯಿಂದ ಸರ್ಕಾರವು ತನ್ನ ಕೈಗೆ ತೆಗೆದುಕೊಂಡ ಬಳಿಕ, 1868ರಲ್ಲಿ ಇದು ನೋಟಿನ ಕಛೇರಿಯಾಯಿತು. 1935ರಲ್ಲಿ ರಿಸರ್ವ್ ಬ್ಯಾಂಕು ಹುಟ್ಟಿದಾಗ ಅದಕ್ಕೂ ಇದು ಕೆಲಕಾಲ ನೆಲೆಯಾಯಿತು. ಕೊನೆಗೆ ಸರ್ಕಾರಿ ಇಲಾಖೆಯೊಂದರ ವಶದಲ್ಲಿ ಉಗ್ರಾಣದ ಸ್ಥಿತಿಗಿಳಿದು, 1990ರ ದಶಕದಲ್ಲಿ ಕೆಡವುವ ಕೆಲಸವೂ ಮೊದಲಾಯಿತು. ನಡುವಣ ಹಜಾರದ ಗುಮ್ಮಟಗಳು ಬಿದ್ದ ಮೇಲೆ ಆ ಕೆಲಸ ನಿಂತಿತು. ಮುಂದೆ ಪುರಾತತ್ತ್ವ ಇಲಾಖೆ ಅದನ್ನು ವಹಿಸಿಕೊಂಡು ಜೀರ್ಣೋದ್ಧಾರ ಮಾಡಿತು. 2020ನೆಯ ಜನವರಿಯಲ್ಲಿ ಅದು ಚಿತ್ರಕಲೆಯ ಪ್ರದರ್ಶನಶಾಲೆಯಾಗಿ ತೆರೆಯಿತು. ಕೆಡವಿದ ಗುಮ್ಮಟಗಳನ್ನು ಸುಳ್ಳಾಗಿ ಮತ್ತೆ ಕಟ್ಟದೆ, ಹಜಾರವಿದ್ದ ಜಾಗವನ್ನು ತೆರೆದ ಅಂಗಳವಾಗಿಯೇ ಬಿಟ್ಟಿದ್ದಾರೆ. ಇದು ವಿವೇಕದ ಕೆಲಸ. ಆದ ಅಪಚಾರವನ್ನು ಮುಚ್ಚದೆ ನೋಡುವವರಿಗೆ ತೋರಿಸುವ ಪ್ರಾಮಾಣಿಕತೆ ಆ ಅಂಗಳದಲ್ಲಿದೆ. ಬ್ಯಾಂಕಾಗಿ, ಖಜಾನೆಯಾಗಿ, ಉಗ್ರಾಣವಾಗಿ, ಪಾಳಾಗಿ, ಪ್ರದರ್ಶನಶಾಲೆಯಾದ ಕಟ್ಟಡ ತನ್ನ ಎಲ್ಲ ಅವಸ್ಥೆಗಳನ್ನೂ ಒಪ್ಪಿಕೊಂಡು ನಿಂತಿದೆ.

ಕನ್ನಡ ನಾಡಿನಲ್ಲಿ ಮೂರು ಪರೀಕ್ಷೆಗಳಿಗೂ ಉತ್ತರ ಕೊಡುವ ಪ್ರಯತ್ನವನ್ನು ಕಾಣಬೇಕಾದರೆ ಉಡುಪಿಗೆ ಹೋಗಬೇಕು. ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬ್ ಬಹಾದುರರು 1906ನೆಯ ಮಾರ್ಚ್ 12ರಂದು ಸ್ಥಾಪಿಸಿದ ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ ಐದು ಸಾವಿರ ರೂಪಾಯಿಗಳ ಮೂಲಧನದಿಂದ ಹೊರಟದ್ದು. ಮೊದಲನೆಯ ದಿನದ ಕೊನೆಗೆ ಅದರಲ್ಲಿ ಕೂಡಿದ್ದ ಹಣ 38 ರೂಪಾಯಿ 13 ಆಣೆ 2 ಪೈ. ಜಾತಿಮತಗಳ ಭೇದವಿಲ್ಲದೆ ಎಲ್ಲರಲ್ಲಿಯೂ ಮಿತವ್ಯಯವನ್ನೂ ಸಹಕಾರವನ್ನೂ ಬೆಳೆಸುವುದು ಅದರ ಘೋಷಿತವಾದ ಉದ್ದೇಶವಾಗಿತ್ತು. ಸ್ಥಾಪಕರು ವಾಸವಾಗಿದ್ದ ಮನೆಯನ್ನು ಬ್ಯಾಂಕು ಮುಂದೆ ಸಂಗ್ರಹಾಲಯವನ್ನಾಗಿ ಮಾಡಿ, ಅಲ್ಲಿ ತನ್ನ ಚರಿತ್ರೆಯ ವಸ್ತುಗಳನ್ನೂ ಪ್ರಾಚೀನಕಾಲದಿಂದ ಮೊದಲ್ಗೊಂಡು ಬಂದ ನಾಣ್ಯಗಳನ್ನೂ ಇರಿಸಿತು. ಸಂಸಾರದ ಮನೆ ಹಣದ ಮನೆಯ ನೆನಪನ್ನು ಕಾಯುವ ಮನೆಯಾಯಿತು.

ಈ ಕಾರ್ಯದ ಗುಣ ಎಲ್ಲಿದೆಯೆಂದರೆ ಆಣೆ ಪೈಗಳ ಲೆಕ್ಕದಲ್ಲಿ. 38 ರೂಪಾಯಿ 13 ಆಣೆ 2 ಪೈ ಎಂಬ ಅಂಕೆಯನ್ನು ಕೇಳಿದ ಕೂಡಲೆ ಕೇಳಿದವನ ಕಣ್ಣಮುಂದೆ ಒಂದು ದಿನ ಬಂದು ನಿಲ್ಲುತ್ತದೆ. ಆ 2 ಪೈಯನ್ನು ಯಾರು ತಂದರು? ಎಷ್ಟು ಯೋಚಿಸಿ ತಂದರು? ಕಂಬಗಳ ಎತ್ತರ ಹೇಳಲಾರದ ಮಾತನ್ನು ಆ 2 ಪೈ ಹೇಳುತ್ತದೆ. ಆ ಅಂಕೆಯನ್ನು ಯಾರೋ ಬರೆದಿಟ್ಟುದರಿಂದ, ಬರೆದುದನ್ನು ಇನ್ನಾರೋ ಕಾಪಾಡಿದುದರಿಂದ, ಬ್ಯಾಂಕೇ ಅಳಿದ ಮೇಲೂ ಅದರ ಮೊದಲನೆಯ ದಿನ ಅಳಿಯಲಿಲ್ಲ. ಬ್ಯಾಂಕಿನ ನಿಜವಾದ ಶಾಸನವೆಂದರೆ ಅದರ ಲೆಡ್ಜರು. ಕಲ್ಲು ಆ ಶಾಸನಕ್ಕೆ ಕಟ್ಟಿದ ಗುಡಿ.

ಹೀಗೆ ನೋಡಿದಾಗ ಕಟ್ಟಡಗಳಿಗಿಂತ ಹೆಚ್ಚಿನ ಅಪಾಯದಲ್ಲಿರುವುದು ಪುಸ್ತಕಗಳು. ಬ್ಯಾಂಕುಗಳು ತಮ್ಮ ದಾಖಲೆಗಳನ್ನು ಎಷ್ಟು ಕಾಲ ಇಡಬೇಕೆಂಬುದಕ್ಕೆ 1985ರ ನಿಯಮಗಳು ಇವೆ. ಅವುಗಳ ಪ್ರಕಾರ ಕೆಲವನ್ನು 5 ವರ್ಷ, ಲೆಡ್ಜರು ಮೊದಲಾದುವನ್ನು 8 ವರ್ಷ ಕಾಪಾಡಬೇಕು. ಆ ಬಳಿಕ ಅವನ್ನು ನಾಶಮಾಡಿದರೆ ತಪ್ಪಿಲ್ಲ. ನಿಯಮವು ಹೇಳುವುದು ಕನಿಷ್ಠ ಅವಧಿಯನ್ನು. ಹೆಚ್ಚು ಕಾಲ ಇಡಬಾರದೆಂದು ಅದು ಹೇಳುವುದಿಲ್ಲ. ಹಳೆಯ ಪ್ರೆಸಿಡೆನ್ಸಿ ಬ್ಯಾಂಕುಗಳ ಕಾಗದಪತ್ರಗಳು ಉಳಿದುದರಿಂದಲೇ ಅಮಿಯ ಕುಮಾರ್ ಬಾಗ್ಚಿಯವರು ಸ್ಟೇಟ್ ಬ್ಯಾಂಕಿನ ಹುಟ್ಟುಬೆಳವಣಿಗೆಯನ್ನು ಸಂಪುಟಗಳಲ್ಲಿ ಬರೆಯುವುದು ಸಾಧ್ಯವಾಯಿತು. ತೆಂಗಿನ ಸೀಮೆಯ ಶಾಖೆಯೊಂದರ ಹಳೆಯ ಪುಸ್ತಕಗಳು ಉಳಿದರೆ ಅವುಗಳಿಂದ ಏನನ್ನು ತಿಳಿಯಬಹುದು? ಕೊಬ್ಬರಿಯ ಧಾರಣೆ ಬಿದ್ದ ವರ್ಷ ಎಷ್ಟು ಠೇವಣಿಗಳು ಕರಗಿದುವು, ಮಳೆ ತಪ್ಪಿದ ವರ್ಷ ಎಷ್ಟು ಒಡವೆಗಳು ಅಡವಾದುವು, ಬಾವಿಯ ಸಾಲ ಹೋಗಿ ಕೊಳವೆಬಾವಿಯ ಸಾಲ ಬಂದದ್ದು ಯಾವಾಗ, ಹೆಂಗಸರ ಹೆಸರು ಖಾತೆದಾರರ ಪಟ್ಟಿಯಲ್ಲಿ ಮೊದಲು ಕಂಡದ್ದು ಯಾವ ವರ್ಷ, ಇವೆಲ್ಲ ಜಿಲ್ಲೆಯ ಬರೆಯದ ಚರಿತ್ರೆಯ ಅಧ್ಯಾಯಗಳು.

ಇದಕ್ಕೆ ಆಕ್ಷೇಪಗಳು ಇಲ್ಲದಿಲ್ಲ. ಬ್ಯಾಂಕು ವ್ಯಾಪಾರದ ಸಂಸ್ಥೆ, ಅದು ಚರಿತ್ರೆಯ ಉಗ್ರಾಣವಲ್ಲ ಎಂಬುದು ಮೊದಲನೆಯದು. ಮಾತು ನಿಜ. ಹಣದ ಎಣಿಕೆ ಯಂತ್ರಕ್ಕೂ ಕೈಯಲ್ಲಿ ಹಿಡಿಯುವ ಫೋನಿಗೂ ಹೋಗಿರುವಾಗ ದೊಡ್ಡ ಹಜಾರಗಳು ಬ್ಯಾಂಕಿಗೆ ಹೊರೆಯಾಗುವುದೂ ಸಹಜ. ಆದರೆ ಸಾರ್ವಜನಿಕರ ನಂಬಿಕೆಯನ್ನು ಬಂಡವಾಳ ಮಾಡಿಕೊಂಡು ಬೆಳೆದ ಸಂಸ್ಥೆ ಆ ನಂಬಿಕೆಯ ಗುರುತನ್ನು ಸಾರ್ವಜನಿಕರಿಗೆ ಹಿಂದಿರುಗಿಸುವುದು ಸಾಲದ ತೀರುವೆಯೇ ಹೊರತು ದಾನವಲ್ಲ. ಖಾತೆದಾರರ ಗುಟ್ಟು ಬಯಲಾಗುತ್ತದೆ ಎಂಬುದು ಎರಡನೆಯ ಆಕ್ಷೇಪ. ಇದು ಗಂಭೀರವಾದದ್ದು. ಸಾಲ ಮಾಡಿದವನ ಮೊಮ್ಮಗ ಅದೇ ಊರಿನಲ್ಲಿ ತಲೆಯೆತ್ತಿ ನಡೆಯುತ್ತಿರುತ್ತಾನೆ. ಇದಕ್ಕೆ ಪರಿಹಾರ ಸುಡುವುದಲ್ಲ, ಬೀಗ. ಸರ್ಕಾರದ ಪತ್ರಾಗಾರಗಳು ಗೋಪ್ಯ ಕಾಗದಗಳನ್ನು ಗೊತ್ತಾದ ವರ್ಷಗಳವರೆಗೆ ಮುಚ್ಚಿಟ್ಟು ಆಮೇಲೆ ತೆರೆಯುತ್ತವೆ. ಹೆಸರುಗಳನ್ನು ಮರೆಮಾಡಿ ಅಂಕೆಗಳನ್ನು ಮಾತ್ರ ಕೊಡುವ ಕ್ರಮವೂ ಉಂಟು. ಹಳೆಯದೆಲ್ಲವನ್ನೂ ಉಳಿಸುತ್ತ ಹೋದರೆ ಹೊಸದಕ್ಕೆ ಎಡೆಯೆಲ್ಲಿ ಎಂಬುದು ಮೂರನೆಯದು. ಎಲ್ಲವನ್ನೂ ಉಳಿಸಬೇಕೆಂದು ವಿವೇಕಿಗಳು ಯಾರೂ ಹೇಳುವುದಿಲ್ಲ. ಅಟ್ಟದ ಮೇಲಿನ ಕಾಯಿಗಳಲ್ಲಿ ಕೊಳೆತುದನ್ನು ಆರಿಸಿ ಎಸೆಯುವುದು ಒಕ್ಕಲಿಗೆ ತಿಳಿದ ಕೆಲಸ. ಅದಕ್ಕೆ ಮುಂಚೆ ಒಂದೊಂದನ್ನೂ ಕೈಗೆತ್ತಿಕೊಂಡು ಅಲುಗಿಸಿ ನೋಡುತ್ತಾರೆ. ಕಟ್ಟಡಗಳಿಗೂ ಪುಸ್ತಕಗಳಿಗೂ ಸಲ್ಲಬೇಕಾದುದು ಅಷ್ಟೇ ಎಚ್ಚರಿಕೆ.

ಜಿಲ್ಲೆಯ ಸಾಹಿತ್ಯ ಸಂಘಗಳು ಬೆಂಗಳೂರಿನ ವೃತ್ತವನ್ನೋ ಕಲ್ಕತ್ತೆಯ ಅಂಗಳವನ್ನೋ ಕಾಪಾಡಲಾರವು. ತಮ್ಮ ತಾಲ್ಲೂಕಿನ ಪೇಟೆಬೀದಿಯಲ್ಲಿ ಮೈಸೂರು ಬ್ಯಾಂಕು ಎಂದು ಮುದುಕರು ಇಂದಿಗೂ ಕರೆಯುವ ಕಟ್ಟಡ ಯಾವುದು, ಸಹಕಾರ ಸಂಘದ ಮೊದಲ ಕಛೇರಿ ಯಾವ ಮನೆಯ ಜಗುಲಿಯಲ್ಲಿತ್ತು, ಮಂಡಿಯ ಹಳೆಯ ಖಾತೆಪುಸ್ತಕ ಯಾರ ಅಟ್ಟದಲ್ಲಿದೆ ಎಂದು ವಿಚಾರಿಸಿ ಬರೆದಿಡಬಲ್ಲುವು. ಗೆದ್ದಲು ಕಾಯುವುದಿಲ್ಲ, ಬಲ್ಲ ಹಿರಿಯರೂ ಬಹುಕಾಲ ಇರುವುದಿಲ್ಲ. ಹಣವನ್ನು ಇಟ್ಟವರಿಗೆ ಹಣ ಹಿಂದಕ್ಕೆ ಬಂದಿತು. ನಂಬಿಕೆಯನ್ನು ಇಟ್ಟವರ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ.